‘ಹ್ಯಾಸ್ ಬೀನ್’ ಒಯ್ದ ಖಣ

ಕಾನ್ವೆಂಟಿನಲ್ಲಿ ಕಲಿತವಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುವುದೇನು ಮಹಾ! ನಾದಿನಿ ಸುಮಂಗಲಾ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ನಪಾಸಾಗಿದ್ದಳು. “ಈ ಸಲಾನೂ ಬಿದ್ದರ ಸಾಲಿ ಸಾಕು. ಸಿಂದಗಿ ವರಾ ನೋಡೇಬಿಡೂದು” ಎಂದು ಮಾವನವರ ಆಜ್ಞೆಯಾಗಿತ್ತು. ಪಾಸು ಮಾಡಿಸಿಯೇ ತೀರುವೆನೆಂದು ನಾನು ಸೆರಗು ಸಿಕ್ಕಿಸಿ ನಿಂತೆ.

ಆಕೆಗೆ ಉಳಿದದ್ದೆಲ್ಲ ಬರುತ್ತಿತ್ತು. ಕರ್ಮಣಿ ಪ್ರಯೋಗ ಬಂದಾಗ ಮಾತ್ರ ‘ಬೀನ್’ ನುಂಗಿಬಿಡುತ್ತಿದ್ದಳು.

“ವೈನಿ, ಹ್ಯಾಸ್ ಒಂದು ಐತೆಲ್ಲ, ಮತ್ತ ಬೀನ್ ಯಾಕ ಬೇಕ್ರಿ?”

“ಬೀನ್ ಬಿಟ್ಟರ ರೊಟ್ಟಿನ ನಿನ್ನ ತಿಂದಂಗ ಆಗ್ತೈತವಾ!”

ಅದಕ್ಕೊಂದು ಉಪಾಯ ಹೂಡಿದೆ. ಮನೆಯಲ್ಲಿ ಮುಗಿದ ಕೆಲಸವನ್ನೆಲ್ಲ ಆಕೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರಬೇಕು. ಮಾಡಿದವರ ಹೆಸರು ಬೇಡ. ಕರ್ಮಣಿಯಲ್ಲಿ ಕರ್ತೃವನ್ನು ಬಿಟ್ಟರೂ ನಡೆಯುತ್ತದೆ ಎಂದು ಠೀವಿಯಿಂದ ಕಲಿಸಿದೆ. ನಾನು ಪಾತ್ರೆ ತಿಕ್ಕಿ ಬೋರಲು ಹಾಕುತ್ತಲೇ, “ಪಾತ್ರೆ ಹ್ಯಾಸ್ ಬೀನ್ ವಾಶ್ಡ್!” ನಾನು ಕಸಬರಿಗೆ ಕೆಳಗಿಡುತ್ತಲೇ, “ಅಂಗಳ ಹ್ಯಾಸ್ ಬೀನ್ ಸ್ವೆಪ್ಟ್!” ಇಂಡಿ ಊರಿನ ನಮ್ಮ ಓಣಿಗೆಲ್ಲ ಕೇಳುತ್ತಿತ್ತು. ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆಗೂ ಕೇಳಿತು. ಅವರ ಕಿವಿ ತುಸು ಮಂದ.

ಒಂದು ಮುಂಜಾನೆ ಪಕ್ಕದ ಮನೆಯ ಹಸನ್‌ಬಿ ಬಂದಳು. ಕೈಯಲ್ಲಿ ಗುಳೇದಗುಡ್ಡದ ಖಣ. ನನ್ನ ರವಿಕೆಗೆಂದು ಅತ್ತೆ ಟ್ರಂಕಿನಲ್ಲಿಟ್ಟಿದ್ದ ಅದೇ ಖಣ!

“ಅಕ್ಕಾರ, ಅವ್ವಾರು ಇದನ್ನ ಯಾಕ ಕೊಟ್ಟರೋ ತಿಳೀವಲ್ದ್ರಿ. ನಾ ಏನ್ ಮಾಡೇನ್ರಿ?”

ಒಳಗಿನಿಂದ ಅತ್ತೆ ಗುಡುಗಿದರು.

“ಏನ್ ಮಾಡೀ? ಪಾತ್ರಿ ಹಸನ್‌ಬಿ! ಅಂಗಳಾ ಹಸನ್‌ಬಿ! ದಿನಾ ಕೇಳಾಕತ್ತೇನಿ. ಪಾಪ, ಗ್ವಾಡಿ ಆಚೀಕಿನಾಕಿ ಬಂದು ದುಡೀತಾಳ, ಮನಿ ಸೊಸಿ ಪುಸ್ತಕಾ ಹಿಡ್ಕೊಂಡು ಕೂಡ್ತಾಳ!”

ಹಸನ್‌ಬಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಖಣ ನನ್ನ ಮುಂದೆ ಹಿಡಿದಳು. “ಕೊಟ್ಟ ಖಣಾ ತಿರಗಿ ತಗೋತಾರೇನು?” ಎಂದು ಅತ್ತೆ ಗದರಿದರು. ಎಷ್ಟು ಬಿಡಿಸಿ ಹೇಳಿದರೂ ಅವರು ನಂಬಲಿಲ್ಲ.

ಹಿಂದಿನಿಂದ ಸುಮಂಗಲಾ ಸಾರಿದಳು: “ಖಣ ಹ್ಯಾಸ್ ಬೀನ್ ಗಿವನ್!”

ಬೀನ್ ನುಂಗಿರಲಿಲ್ಲ! ಅಳಬೇಕೋ, ಶಾಭಾಸ್ ಎನ್ನಬೇಕೋ ತಿಳಿಯಲಿಲ್ಲ. ಆದರೂ ಪರೀಕ್ಷೆಯವರೆಗೆ ಪಾಠ ನಿಲ್ಲಿಸಲಿಲ್ಲ.

ಸುಮಂಗಲಾ ಪಾಸಾದಳು. “ಇಂಗ್ಲಿಷ್ ಹ್ಯಾಸ್ ಬೀನ್ ಪಾಸ್ಡ್!” ಎಂದು ಮನೆ ತುಂಬ ಸಾರಿದಳು. ಸಿಂದಗಿಯ ವರ ಬಚಾವಾದ. ಅತ್ತೆ ಪೇಢೆಯ ಪೊಟ್ಟಣ ಬಿಚ್ಚಿದಾಗ ನಾನು ಸಂಕೋಚದಿಂದಲೇ ಕೈ ಮುಂದೆ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ಮೊದಲ ಪೇಢೆಯನ್ನು ಸುದ್ದಿ ಕೇಳಿ ಬಂದಿದ್ದ ಹಸನ್‌ಬಿಯ ಬಾಯಿಗಿಟ್ಟರು.

“ಇಂಗ್ಲಿಷ್ ಕಲಿಸಿದ್ದೂ ಈಕಿನ!”

ಕರ್ತೃವನ್ನು ಬಿಟ್ಟರೂ ನಡೆಯುತ್ತದೆ ಎಂದವಳು ನಾನೇ ತಾನೆ? ಬಿಟ್ಟರು!