ಕಂಪ್ಯೂಟರಿನ ರಾಜೀನಾಮೆ

ಸರ್ಕಾರಿ ಕಚೇರಿಯಲ್ಲಿ ಇಷ್ಟು ವರ್ಷ ಕುರ್ಚಿ ಸವೆಸಿದ ನನ್ನ ಅನುಭವದಲ್ಲಿ ರಾಜೀನಾಮೆ ಎಂಬುದು ಬಾಯಲ್ಲಿ ಆಡುವ ಮಾತೇ ಹೊರತು ಯಾರೂ ಕೈಯಾರೆ ಕೊಡುವ ವಸ್ತುವಲ್ಲ. ನಮ್ಮ ಆಳಂದದ ಕಚೇರಿಯಲ್ಲಿ ಹಿರಿಯರೊಬ್ಬರಿದ್ದರು. ಚಹಾ ತಣ್ಣಗಿದ್ದರೆ ಸಾಕು, "ರಾಜೀನಾಮೆ ಒಗದು ಹೋಗ್ತೇನಿ ನೋಡ್ರಿ" ಎಂದು ಎದ್ದು ನಿಲ್ಲುವರು. ಬಿಸಿ ಚಹಾ ಬಂದ ಕೂಡಲೇ ಕುಳಿತು ತಮ್ಮ ಬಡ್ತಿ ಯಾವಾಗ ಎಂದು ವಿಚಾರಿಸುವರು. ಹೀಗಾಗಿ, ನಿಜಕ್ಕೂ ರಾಜೀನಾಮೆ ಕೊಟ್ಟ ಮೊದಲ ಜೀವವನ್ನು ನಾನು ಕಂಡದ್ದು ನನ್ನ ಮನೆಯಲ್ಲೇ. ಅದು ಚೆಸ್ ಆಡುವ ಕಂಪ್ಯೂಟರ್.

ನನ್ನ ಹೆಂಡತಿ ರತ್ನಾ ನಿಂಬರ್ಗಾದ ಪಶು ಆಸ್ಪತ್ರೆಯಲ್ಲಿ ಡಾಕ್ಟರು. ಹಗಲೆಲ್ಲ ಒದೆಯುವ ಎಮ್ಮೆ, ಹಾಯುವ ಹೋರಿಗಳ ನಡುವೆ ಕಳೆದು ಬಂದವಳಿಗೆ ಸಂಜೆ ಲ್ಯಾಪ್‌ಟಾಪಿನೊಂದಿಗೆ ಒಂದು ಆಟ ಆಡಿದರೇ ದಣಿವು ಆರುವುದು. ಸಂಜೆಯ ಅಡುಗೆ ನನ್ನದು. ನನ್ನ ಕಷ್ಟ ಇಷ್ಟೇ: ಆ ಕಂಪ್ಯೂಟರ್ ಸೋತರೂ ಒಪ್ಪುತ್ತಿರಲಿಲ್ಲ. ಸೈನ್ಯವೆಲ್ಲ ಸತ್ತು ರಾಜನೊಬ್ಬನೇ ಉಳಿದರೂ ಅವನನ್ನು ಪಟದ ತುಂಬ ಅಡ್ಡಾಡಿಸುತ್ತಿತ್ತು. ರತ್ನಾ ತನ್ನ ಆನೆ ಹಿಡಿದುಕೊಂಡು ಅವನ ಬೆನ್ನು ಹತ್ತುವಳು. ಅಷ್ಟರಲ್ಲಿ ನನ್ನ ಪುಂಡಿಪಲ್ಯ ಆರಿ, ರೊಟ್ಟಿ ಸೆಟೆದುಕೊಂಡು, ಹೊಟ್ಟೆ ನನ್ನನ್ನೇ ಬೈಯುತ್ತಿರುತ್ತಿತ್ತು.

ಒಂದು ದಿನ ಅವಳು ಬರುವ ಮೊದಲೇ ಆಟದ ಸೆಟ್ಟಿಂಗ್ಸ್ ತೆರೆದು ಅದರ ಹೊಟ್ಟೆ ಬಗೆದು ನೋಡಿದೆ. ಒಳಗೆ ಯಾರೋ ಕನ್ನಡಕ್ಕೆ ತಿರುಗಿಸಿ ಬರೆದಿದ್ದರು: 'ಕಂಪ್ಯೂಟರ್ ರಾಜೀನಾಮೆ ನೀಡಬಹುದೇ?' 'ಕಂಪ್ಯೂಟರ್ ಡ್ರಾ ಕೇಳಬಹುದೇ?' ಸೋಲೊಪ್ಪಿ ಧಾರಾಳವಾಗಿ ರಾಜೀನಾಮೆ ನೀಡಲಿ, ಡ್ರಾ ಕೇಳಲಿ ಎಂದು ಎರಡಕ್ಕೂ ಗುರುತು ಒತ್ತಿದೆ.

ಸಂಜೆ ಆಟ ಶುರುವಾಗಿ ಒಗ್ಗರಣೆ ಚಟಪಟ ಎನ್ನುವಷ್ಟರಲ್ಲಿ ಕೂಗು ಬಂತು. "ಏನ್ರಿ, ಇದು ಡ್ರಾ ಕೇಳಾಕತ್ತದ! ಇನ್ನಾ ಕುದುರಿ ಹೊರಗ ಬಂದಿಲ್ಲ, ಈಗೇ ಸಮಾ ಸಮಾ ಅಂದ್ರ ಹ್ಯಾಂಗ್ರಿ?" ಅವಳು ಒಪ್ಪದೆ ಆಡಿದಳು. ಸ್ವಲ್ಪ ಹೊತ್ತಿಗೆ ಪಟದ ಮೇಲೆ ಅರ್ಧ ಸೈನ್ಯ ಇರುವಾಗಲೇ ಕಂಪ್ಯೂಟರ್ ರಾಜೀನಾಮೆ ಕೊಟ್ಟುಬಿಟ್ಟಿತು. ನಾನು ಸಂಭ್ರಮದಿಂದ ತಾಟು ಹಾಕಿದೆ. ಅವಳು ಏಳಲಿಲ್ಲ.

"ಗೆದ್ದಿಯಲ್ಲ, ಏಳು" ಎಂದೆ.

"ಅದು ಸೋತದ್ದು ಅದಕ ಗೊತ್ತಾಗ್ಯಾದ. ನಾ ಗೆದ್ದದ್ದು ನನಗ ಗೊತ್ತಾಗಬ್ಯಾಡೇನ್ರಿ?"

ತಾನು ಹೇಗೆ ಗೆದ್ದೆ ಎಂದು ಹುಡುಕುತ್ತ ಕುಳಿತಳು. ಆ ಹುಡುಕಾಟ ಹಿಂದಿನ ಆಟಗಳಿಗಿಂತ ಉದ್ದವಾಯಿತು. ಕೊನೆಗೆ "ಸಿಕ್ತು! ಅದರ ರಾಣಿ ಓಡಿಹೋಗಾಕ ಜಾಗಾನ ಇಲ್ಲ ನೋಡ್ರಿ!" ಎಂದು ಅರಳಿದ ಮುಖವನ್ನು ನೋಡಿ ಆರಿದ ಪಲ್ಯದ ಸಿಟ್ಟು ಇಳಿಯಿತು. ಊಟಕ್ಕೆ ಕುಳಿತಾಗ ಅವಳ ತೀರ್ಪು ಹೊರಬಿತ್ತು: ಗೆಲುವಿನ ದಾರಿ ಇಬ್ಬರಿಗೂ ಕಂಡಮೇಲೆ ಸೋಲು ಒಪ್ಪಬೇಕು; ಇಬ್ಬರಿಗೂ ಮಾಡಲು ಏನೂ ಉಳಿಯದಿದ್ದಾಗ ಡ್ರಾ ಕೇಳಬೇಕು. ನನ್ನ ಎರಡೂ ಗುರುತುಗಳು ರದ್ದಾದವು.

ಅದಾಗಿ ಕೆಲವು ವಾರಕ್ಕೆ ಜೇವರ್ಗಿಯಲ್ಲಿ ನೌಕರರ ಚೆಸ್ ಪಂದ್ಯ. ಆಡಿದವರಲ್ಲಿ ರತ್ನಾ ಒಬ್ಬಳೇ ಹೆಂಗಸು. ಒಬ್ಬೊಬ್ಬರನ್ನೇ ಮನೆಗೆ ಕಳಿಸುತ್ತ ಫೈನಲ್ ತಲುಪಿದಳು. ಎದುರಿಗೆ ಅಫಜಲಪುರದ ಒಬ್ಬ ಇಂಜಿನಿಯರು, ಕಳೆದ ಸಲ ಗೆದ್ದವರು. ಆಟದ ನಡುವೆ ರತ್ನಾಳ ಒಂದು ಕುದುರೆ ಸುಮ್ಮನೆ ಹೋಯಿತು. ಇಂಜಿನಿಯರು ಗಡಿಯಾರ ನೋಡಿ ಮೆತ್ತಗೆ ಹೇಳಿದರು: "ಮೇಡಂ, ಮುಗೀತಲ್ರಿ? ಗಾಣಗಾಪುರದ ಮ್ಯಾಲ ಹೋಗೋ ಬಸ್ ತಪ್ಪಿದ್ರ ನನಗ ಬ್ಯಾರೆ ಇಲ್ಲರಿ."

ನಾನು ಹಿಂದಿನಿಂದ 'ಒಪ್ಪಿಕೋ' ಎಂದು ಸನ್ನೆ ಮಾಡಿದೆ. ಅವಳು ನನ್ನನ್ನು ನೋಡಲೇ ಇಲ್ಲ. "ನೀವು ಗೆಲ್ತೀರಿ ಅನ್ನೋದು ಖರೇನ ಇರಬಹುದ್ರಿ ಸರ. ಹ್ಯಾಂಗ ಗೆಲ್ತೀರಿ ಅಂತ ನೋಡಬೇಕಾಗ್ಯಾದ."

ಅವರು ಬೇಗ ಮುಗಿಸಲೆಂದು ಪ್ಯಾದೆಯನ್ನು ರಾಣಿ ಮಾಡಲು ಓಡಿಸಿದರು. ರತ್ನಾ ಕಾಯುತ್ತಿದ್ದಳು. ತನ್ನ ಆನೆಯಿಂದ ಒಂದು ಚೆಕ್ ಕೊಟ್ಟಳು. ಅವರ ರಾಜ ಪಕ್ಕಕ್ಕೆ ಸರಿದ. ಅವನ ಬೆನ್ನ ಹಿಂದಿದ್ದ ಅವರ ಆನೆ ಹೋಯಿತು, ಅದರ ಕಾವಲಿನಲ್ಲಿದ್ದ ಪ್ಯಾದೆಯೂ ಹೋಯಿತು. ಇಂಜಿನಿಯರು ಮುಖ ಒರೆಸಿಕೊಂಡು, "ಡ್ರಾ ಮಾಡೂಣೇನ್ರಿ?" ಎಂದರು.

"ಇನ್ನಾ ಆಟ ಅದರಿ ಸರ" ಎಂದು ರತ್ನಾ ತನ್ನ ಉಳಿದ ಪ್ಯಾದೆಯನ್ನು ಒಂದು ಮನೆ ಮುಂದೆ ದೂಡಿದಳು. ಇನ್ನೊಂದು ಮನೆ. ಅವರು ಗಲ್ಲಕ್ಕೆ ಕೈ ಹಚ್ಚಿ ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ಮುಖದಲ್ಲಿ ನಿಧಾನವಾಗಿ ನಗು ಹರಡಿತು. "ಈಗ ನನಗೂ ಕಾಣಾಕತ್ತದರಿ" ಎಂದು ಎದ್ದು ನಿಂತು ಕೈ ಮುಂದೆ ಮಾಡಿದರು. ಇಬ್ಬರೂ ಅಲ್ಲೇ ಕಾಯಿಗಳನ್ನು ಮತ್ತೆ ಜೋಡಿಸಿ, ಎಲ್ಲಿ ತಪ್ಪಿತು, ಎಲ್ಲಿ ಸಿಕ್ಕಿತು ಎಂದು ಮಾತಿಗಿಳಿದರು. ಸೋತವರ ಕಣ್ಣಿನಲ್ಲೂ ಅಷ್ಟು ಖುಷಿ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ಬಸ್ಸು ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಅವರನ್ನು ಅಫಜಲಪುರಕ್ಕೆ ಬಿಟ್ಟು ಆಳಂದಕ್ಕೆ ಹೋಗುವುದೆಂದಾಯಿತು. ನಾನು ಕಾರು ಓಡಿಸುತ್ತಿದ್ದೆ. ಹಿಂದೆ ಕುಳಿತ ಇಂಜಿನಿಯರು ದಾರಿಯಲ್ಲಿ ಸೌಜನ್ಯಕ್ಕೆಂದು ಕೇಳಿದರು: "ಸಾಹೇಬ್ರ, ನೀವೂ ಆಡ್ತೀರೇನ್ರಿ?"

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ರತ್ನಾ ಉತ್ತರಿಸಿದಳು. "ಓಹೋ, ಆಡ್ತಾರಲ್ರಿ! ಕಾಯಿ ಜೋಡಸೋತನಕ ಇವರನ್ನ ಸೋಲಸೋರ ಯಾರೂ ಇಲ್ಲ."