ಗಾಜಿನ ತಟ್ಟೆಯೊಳಗಿನ ಮಾತಾ

ನಾಗಪುರದ ಸದರ್ ಬಡಾವಣೆಯಲ್ಲಿದ್ದ ಪಶುರೋಗ ಪ್ರಯೋಗಾಲಯದಲ್ಲಿ ನಾನು ಸಹಾಯಕಿಯಾಗಿದ್ದಷ್ಟು ಕಾಲ ದನಗಳು ನನ್ನನ್ನು ಒಮ್ಮೆಯೂ ನಗಿಸಲಿಲ್ಲ. ಆ ಕೊರತೆಯನ್ನು ಮನುಷ್ಯರು ವಾರಕ್ಕೊಮ್ಮೆಯಾದರೂ ತುಂಬಿಕೊಡುತ್ತಿದ್ದರು.

೧. ತಂತಿ

ಉಮರೇಡ್ ಕಡೆಯ ಗೌಳಿಯೊಬ್ಬನಿಂದ ತಂತಿ ಬಂತು: "ಮಾತಾ ಬಂದಿದ್ದಾಳೆ. ಜಲ್ದಿ ಬನ್ನಿ." ನಾವು ದೊಡ್ಡರೋಗವೆನ್ನುವ ದನಗಳ ಪಿಡುಗನ್ನು ಅಲ್ಲಿಯವರು ಮಾತಾ ಎನ್ನುತ್ತಾರೆ. ಧಾರವಾಡದ ಕಡೆಯಿಂದ ಆಗಷ್ಟೇ ವರ್ಗವಾಗಿ ಬಂದಿದ್ದ ನಮ್ಮ ಸಾಹೇಬರಿಗೆ ಇದು ತಿಳಿಯದು.

"ಯಾರೋ ಸಾಧ್ವಿ ಬಂದಾರ್ರೀ. ನಮ್ಮನ್ನ ನೆನಸಿ ಕರದಾರ!"

ನಾನು ಎರಡು ಸಲ ತಿದ್ದಲು ಹೋದೆ. ಎರಡು ಸಲವೂ "ನೀವು ಸುಮ್ನಿರ್ರಿ" ಎಂದರು. ಪತ್ನಿಯನ್ನೂ ಚೆಂಡುಹೂವಿನ ಹಾರವನ್ನೂ ಜೀಪಿಗೆ ಹತ್ತಿಸಿಕೊಂಡರು. ಮಾದರಿಯ ಸೀಸೆಗಳೊಂದಿಗೆ ನಾನು ಹಿಂದೆ ಕುಳಿತೆ.

ಕೊಟ್ಟಿಗೆಯಲ್ಲಿ ಎರಡು ಹಸುಗಳು ಜೊಲ್ಲು ಸುರಿಸುತ್ತ, ಭೇದಿಯಿಂದ ಬಸವಳಿದು ನಿಂತಿದ್ದವು. ಸಾಹೇಬರ ಪತ್ನಿ ಅವುಗಳ ಹಿಂದೆ ನಿಂತು ಕೈಮುಗಿದರು. "ಮಾತಾಜಿ ಎಲ್ಲಿ?"

ಗೌಳಿ ಗಾಬರಿಯಾದ. "ದರ್ಶನ ಮುಂದಿನಿಂದ ಮಾಡಿ, ಬಾಯಿಸಾಹೇಬ್!"

೨. ಅಜ್ಜನ ಪವಾಡ

ಗೌಳಿ ಬೇರೆಡೆ ಕಟ್ಟಿದ್ದ ತನ್ನ ಉಳಿದ ಹದಿನಾಲ್ಕು ದನಗಳಿಗೆ ಸೋಂಕು ತಗಲುವ ಮೊದಲೇ ಲಸಿಕೆ ಹಾಕಬೇಕಿತ್ತು. ಊರಿನ ಮಂತ್ರವಾದಿ ಅಡ್ಡ ನಿಂತ.

"ಸೂಜಿ ಚುಚ್ಚಿದರೆ ಮಾತಾ ಸಿಟ್ಟಾಗ್ತಾಳೆ. ಊರ ಸುತ್ತ ಬಿಳಿ ದಾರ ಕಟ್ಟಿದ್ದೇನೆ. ನಮ್ಮಜ್ಜ ಹೀಗೇ ಕಟ್ಟಿದಾಗ ಒಂಬತ್ತೇ ದಿನಕ್ಕೆ ಅವಳು ಊರು ಬಿಟ್ಟಳು."

ನಾನು ಟಿಪ್ಪಣಿ ಪುಸ್ತಕ ತೆರೆದು ಕೇಳಿದೆ: "ಆಗ ಎಷ್ಟು ದನ ಉಳಿದವು?"

"ಒಂದೂ ಇಲ್ಲ."

"ಮತ್ತೆ?"

"ಮತ್ತೇನು? ಇಲ್ಲಿ ಅವಳಿಗೆ ಇನ್ನೇನು ಕೆಲಸ? ಹೋದಳು."

೩. ಗೆರೆ

ರೋಗಿ ಹಸುವಿನ ಗ್ರಂಥಿಯ ರಸವನ್ನು ತಂದು ಪರೀಕ್ಷೆಗಿಟ್ಟೆ. ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಲೋಳೆಯಂಥ ಪದರ, ಅದರಲ್ಲಿ ಎರಡು ಕುಳಿ. ಒಂದಕ್ಕೆ ಆ ರಸ, ಇನ್ನೊಂದಕ್ಕೆ ರೋಗವನ್ನು ಗುರುತಿಸುವ ಸೀರಂ. ನಡುವೆ ಬಿಳಿ ಗೆರೆ ಮೂಡಿದರೆ ದೊಡ್ಡರೋಗ ಖಚಿತ. ಮೂಡಿತು.

ಫಲಿತಾಂಶ ಕೇಳಲು ಬಂದ ಗೌಳಿ ತಟ್ಟೆಯನ್ನು ನೋಡಿ ಚಪ್ಪಲಿ ಕಳಚಿದ. "ಇದು ನಮ್ಮ ಮಂತ್ರವಾದಿಯ ದಾರ! ಬರೋಬರ್ ಮಾತಾಳನ್ನು ತಡೆದಿದೆ!"

ವಿವರಿಸಲು ಹೊರಟವಳು ಹದಿನಾಲ್ಕು ದನಗಳನ್ನು ನೆನೆದೆ. "ದಾರ ತೀರ ತೆಳುವಾಗಿದೆ. ಲಸಿಕೆ ಹಾಕಿಸಿದರೆ ಗಟ್ಟಿಯಾಗುತ್ತದೆ," ಎಂದೆ.

ಅಂದೇ ಹಾಕಿಸಿದ. ಮೊದಲೆರಡು ಹಸುಗಳು ಹೋದವು; ಹದಿನಾಲ್ಕೂ ಉಳಿದವು.

ವರ್ಷದ ಬಳಿಕ, ಎಮ್ಮೆಯ ರಕ್ತವನ್ನು ಪರೀಕ್ಷೆಗೆ ತಂದಿದ್ದ, ವಾಡಿ ಎಂಬ ಊರಿನ ಗೌಳಿಯೊಬ್ಬ ನನಗೇ ಕಥೆ ಹೇಳಿದ: "ಇಲ್ಲೊಬ್ಬ ಬಾಯಿಸಾಹೇಬ್ ಇದ್ದರಂತೆ. ಮಾತಾಳನ್ನು ದಾರದಿಂದ ಬಿಗಿದು ಗಾಜಿನ ತಟ್ಟೆಯಲ್ಲಿ ಕೂಡಿಹಾಕಿದರಂತೆ. ಮೊಣಕಾಲುದ್ದ ಜಡೆ, ಕಣ್ಣಲ್ಲಿ ಬೆಂಕಿ!"

ಕನ್ನಡಕ ಸರಿಪಡಿಸಿಕೊಂಡು, "ಅದು ನಾನೇ," ಎಂದೆ.

ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಓದಿದವರು ಹೀಗೆಲ್ಲ ಕಥೆ ಕಟ್ಟಬಾರದು, ಬಾಯಿಸಾಹೇಬ್."