ಚಾವಣಿಯ ತೂತು ಮತ್ತು ನಾಗರಿಕತೆಗೆ ಅದರ ಕೊಡುಗೆ

ನಮ್ಮ ಚರ್ಚಿನ ಚಾವಣಿಯಲ್ಲಿ ಒಂದು ತೂತು ಇದೆ. ಇಷ್ಟು ಮಾತ್ರ ನಿರ್ವಿವಾದ. ಮಿಕ್ಕಿದ್ದೆಲ್ಲ ಸಮಿತಿಯ ಪರಿಶೀಲನೆಯಲ್ಲಿದೆ.

ತೂತು ನಿಂಬೆಹಣ್ಣಿನ ಗಾತ್ರದ್ದು. ಬಲಿಪೀಠದ ಮುಂದೆ ಮದುವೆಯ ಹೆಣ್ಣು ಗಂಡು ನಿಲ್ಲುವ ಜಾಗ ಯಾವುದೋ, ಸರಿಯಾಗಿ ಅದರ ನೆತ್ತಿಗಿದೆ. ಧ್ವನಿವರ್ಧಕದ ವೈರು ಎಳೆಯಲು ಮೇಲೆ ಹತ್ತಿದ ಲೈಟಿನವನು ಕಾಲಿಟ್ಟಾಗ ಹೆಂಚು ಒಡೆದು ಆದದ್ದು. ಒಡೆದದ್ದನ್ನು ಪೂಜೆಗೆ ಬಂದವರೆಲ್ಲ ಕಣ್ಣಾರೆ ನೋಡಿದ್ದೇವೆ. ಕೆಲವರು ತಲೆಯಾರೆಯೂ ಅನುಭವಿಸಿದ್ದಾರೆ.

ಚರ್ಚಿನ ಗಂಟೆ ಬಾರಿಸುವವನನ್ನು ನಾವು ಗಂಟೆಯಣ್ಣ ಎನ್ನುತ್ತೇವೆ. ಅವನ ಒಬ್ಬಳೇ ಮಗಳಿಗೆ ಮಳೆಗಾಲದಲ್ಲಿ ಮದುವೆ ಗೊತ್ತಾಯಿತು. ಊರವರ ಮದುವೆಗೆಲ್ಲ ಹಗ್ಗ ಎಳೆದೂ ಎಳೆದೂ ಭುಜ ಸವೆಸಿಕೊಂಡ ಮನುಷ್ಯ. ತನ್ನ ಮಗಳು ಆ ಜಾಗದಲ್ಲಿ ಒಣ ಬಟ್ಟೆಯಲ್ಲಿ ನಿಲ್ಲಬೇಕು ಎನ್ನುವುದೊಂದೇ ಅವನ ಆಸೆ.

"ದೊಡ್ಡ ಆಸೆಯೇನಲ್ಲ ಫಾದರ್" ಎಂದ.

"ಒಂದು ಹೆಂಚಿನ ಕೆಲಸ, ಅದಕ್ಕೇನಂತೆ, ಹಾಕಿಸು" ಎಂದರು ಫಾದರ್.

ಹೆಂಚಿನ ಮೇಸ್ತ್ರಿ ಬಂದು, ಹೊಸ ಹೆಂಚನ್ನು ಕಂಕುಳಲ್ಲಿಟ್ಟುಕೊಂಡು ಏಣಿ ಹತ್ತಿದ. ಅದೇ ಹೊತ್ತಿಗೆ, ಜ್ಞಾನಸ್ನಾನದ ಸರ್ಟಿಫಿಕೇಟು ಬೇಕೆಂದು ಬಂದಿದ್ದ ಇತಿಹಾಸದ ಪ್ರೊಫೆಸರು ನೆಲದ ಮೇಲೆ ಬಿದ್ದಿದ್ದ ದುಂಡನೆಯ ಬಿಸಿಲನ್ನು ಕಂಡು ಅಲ್ಲೇ ಮೊಣಕಾಲೂರಿದರು. ಪ್ರಾರ್ಥನೆಗೆಂದು ನಾವು ತಿಳಿದೆವು. ಅವರು ಗೇಣು ಹಾಕಿ ಅಳೆಯುತ್ತಿದ್ದರು.

"ಇಳೀರಿ ಮೇಸ್ತ್ರಿ! ಇನ್ನೊಂದು ಮೆಟ್ಟಲು ಹತ್ತಿದರೆ ನಾಗರಿಕತೆಗೇ ನಷ್ಟ!"

"ಹೆಂಚು ಕೈಯಲ್ಲೇ ಇದೆ ಸಾರ್, ಹಾಕಿ ಇಳಿದುಬಿಡ್ತೀನಿ."

"ಇಳೀರಿ ಅಂದೆ!"

ಅವರು ವಿವರಿಸಿದರು. ಹಿಂದಿನ ಕಾಲದಲ್ಲಿ ಪಶ್ಚಿಮದ ದೊಡ್ಡ ದೊಡ್ಡ ಚರ್ಚುಗಳ ಚಾವಣಿಯಲ್ಲಿ ಬೇಕೆಂದೇ ತೂತು ಬಿಟ್ಟು, ನೆಲದ ಮೇಲೆ ಗೆರೆ ಎಳೆದು, ಸೂರ್ಯನ ದಾರಿ ಅಳೆಯುತ್ತಿದ್ದರಂತೆ. ಪುನರುತ್ಥಾನದ ಹಬ್ಬ ಯಾವತ್ತು ಬರುತ್ತದೆಂದು ತಿಳಿಯಲು. ಇದು ನಿಜವೇ. "ವಿಶ್ವವಿದ್ಯಾಲಯ ಬೆಳೆಸಿದ್ದು ಚರ್ಚು. ಬಟಾಣಿ ಬೆಳೆದು ಅನುವಂಶದ ಗುಟ್ಟು ಹೇಳಿದ್ದು ಒಬ್ಬ ಸನ್ಯಾಸಿ. ಬ್ರಹ್ಮಾಂಡ ಮೊದಲು ಒಂದು ಚುಕ್ಕಿಯಷ್ಟಿತ್ತು ಎಂದದ್ದು ಒಬ್ಬ ಪಾದ್ರಿ. ಈಗ, ಈ ತೂತು!"

"ಇದು ಲೈಟಿನವನು ಮಾಡಿದ್ದಲ್ವಾ ಸಾರ್?" ಎಂದ ಮೇಸ್ತ್ರಿ.

"ಮಾಡಿದ್ದು ಯಾರು ಅನ್ನೋದು ಮುಖ್ಯವಲ್ಲ. ಎಲ್ಲಿ ಮಾಡಿದ ಅನ್ನೋದು ಮುಖ್ಯ."

ಸುದ್ದಿ ಹಬ್ಬಿ, ಮಾರನೆಯ ದಿನ ವಿಚಾರವಾದಿಗಳ ಸಂಘದ ಅಧ್ಯಕ್ಷರಾದ ಭೌತಶಾಸ್ತ್ರದ ಪ್ರೊಫೆಸರು ಬಂದರು. ತೂತನ್ನು ಕಂಡು ಅವರಿಗೂ ಅಷ್ಟೇ ಸಂತೋಷವಾಯಿತು. "ಭೂಮಿ ತಿರುಗುತ್ತೆ ಅಂದ ಮುದುಕನನ್ನು ಕಟಕಟೆಗೆ ಎಳೆದು ಬಾಯಿ ಮುಚ್ಚಿಸಿದವರು ಇವರು. ಪುಸ್ತಕ ಮುಚ್ಚಿಸಿದರು. ಈಗ ತೂತು ಮುಚ್ಚಿಸಲು ಹೊರಟಿದ್ದಾರೆ. ಈ ತೂತು ಇವರ ಶತಮಾನಗಳ ಅಲಕ್ಷ್ಯಕ್ಕೆ ಸಾಕ್ಷಿ. ಮುಚ್ಚಕೂಡದು!"

ಈ ಚರ್ಚು ಕಟ್ಟಿದ್ದೇ ತನ್ನ ಮದುವೆಯಾದ ವರ್ಷ ಎಂದು ಗಂಟೆಯಣ್ಣ ನಡುವೆ ಹೇಳಿದ. ಇಬ್ಬರು ಪ್ರೊಫೆಸರುಗಳಿಗೂ ಅದು ಕೇಳಿಸಲಿಲ್ಲ. ಮುಚ್ಚಕೂಡದು ಎನ್ನುವಲ್ಲಿ ಇಬ್ಬರೂ ಒಮ್ಮತಕ್ಕೆ ಬಂದದ್ದರಿಂದ ಸಮಿತಿಯ ರಚನೆ ಸುಲಭವಾಯಿತು. ಅಧ್ಯಕ್ಷತೆಗೆ ನಿವೃತ್ತ ಅಧಿಕಾರಿಯೊಬ್ಬರು ಸಿಕ್ಕರು. ಸದಸ್ಯರಿಗೆ ಸಭಾಭತ್ಯೆಯೂ, ಮಳೆ ಬಿದ್ದ ದಿನ ತೇವಭತ್ಯೆಯೂ ಮಂಜೂರಾದವು. ಅಂದಿನಿಂದ ಸಮಿತಿಯು ಮಳೆ ಬಂದ ದಿನ ಮಾತ್ರ ಸಭೆ ಸೇರುತ್ತದೆ.

ಚರ್ಚಿನ ಬಾಗಿಲಿಗೆ ಪ್ರಕಟಣೆ ಅಂಟಿತು: "ಸದರಿ ತೂತಿನ ಮೂಲಕ ಬೀಳತಕ್ಕ ಬಿಸಿಲು ಮತ್ತು ಮಳೆನೀರು ಸಾಕ್ಷ್ಯವೆಂದು ಪರಿಗಣಿಸಲ್ಪಟ್ಟಿರುವುದರಿಂದ, ಅದಕ್ಕೆ ಅಡ್ಡಲಾಗಿ ಹೆಂಚು, ತಗಡು, ಛತ್ರಿ, ಅಂಗೈ ಇತ್ಯಾದಿ ಹಿಡಿಯತಕ್ಕದ್ದಲ್ಲ. ನೆನೆದ ಭಕ್ತಾದಿಗಳು ಒಣಗುವ ಮುನ್ನ ಹೇಳಿಕೆ ನೀಡತಕ್ಕದ್ದು."

ಮೊದಲ ಸಾಕ್ಷಿಯಾಗಿ ಲೈಟಿನವನನ್ನೇ ಕರೆಸಿದರು.

"ಸಾರ್, ಅದು ನಾನೇ ತುಳಿದದ್ದು. ಹೊಸ ಹೆಂಚು ನಾನೇ ಕೊಡಿಸ್ತೀನಿ, ಬಿಟ್ಟುಬಿಡಿ."

"ತುಳಿಯುವಾಗ ನೀವು ಧರ್ಮದ ಪರವಾಗಿದ್ದಿರೋ, ವಿಜ್ಞಾನದ ಪರವಾಗಿದ್ದಿರೋ?"

"ಏಣಿಯ ಪರವಾಗಿದ್ದೆ ಸಾರ್. ಅದು ಜಾರ್ತಾ ಇತ್ತು."

ಈ ಹೇಳಿಕೆಯು ತೂತಿಗೆ ಮಾತ್ರ ಸಂಬಂಧಿಸಿದ್ದು, ನಾಗರಿಕತೆಗೆ ಸಂಬಂಧಿಸಿದ್ದಲ್ಲ ಎಂಬ ಕಾರಣಕ್ಕೆ ಅದನ್ನು ಕೈಬಿಡಲಾಯಿತು.

ಅಷ್ಟರಲ್ಲಿ ಮಳೆ ಹಿಡಿಯಿತು. ಗಂಡಿನ ತಾಯಿ ಚರ್ಚು ನೋಡಲು ಬಂದರು.

"ಇದೇನ್ರೀ ಬೀಗಿತ್ತಿ, ದೇವರ ಮುಂದೆ ಬಕೆಟ್ ಇಟ್ಟಿದ್ದೀರಾ?"

"ಬಕೆಟ್ ಅನ್ನಬೇಡಿ ಕಣ್ರೀ," ಎಂದಳು ಗಂಟೆಯಣ್ಣನ ಹೆಂಡತಿ, ದನಿ ತಗ್ಗಿಸಿ. "ಸಾಕ್ಷ್ಯ ಸಂಗ್ರಹ ಅನ್ನಬೇಕಂತೆ."

"ಏನಾದರೂ ಅನ್ನಿ. ನನ್ನ ಮಗ ಒಂದು ಹನಿ ಬಿದ್ದರೆ ವಾರವಿಡೀ ಸೀನ್ತಾನೆ. ಛತ್ರಿ ಇಲ್ಲದೆ ಈ ಮದುವೆ ನಡೆಯೋಲ್ಲ. ಈಗಲೇ ಹೇಳಿಬಿಟ್ಟಿದೀನಿ."

ಗಂಟೆಯಣ್ಣ ಸಮಿತಿಯ ಮುಂದೆ ಕೈಮುಗಿದು ನಿಂತ. ಮದುಮಕ್ಕಳು ಒಂದೆರಡು ಹೆಜ್ಜೆ ಆಚೆ ಸರಿದು ನಿಲ್ಲಲಿ ಎಂದು ಕೇಳಿದ. ವಿಜ್ಞಾನದೆದುರು ಧರ್ಮ ಸರಿದಂತಾಗುತ್ತದೆ ಎಂದು ಇತಿಹಾಸದವರು ಒಪ್ಪಲಿಲ್ಲ. ಸರಿದದ್ದು ದಂಪತಿಗಳೋ ಭೂಮಿಯೋ ಎಂಬುದು ಮೊದಲು ಇತ್ಯರ್ಥವಾಗಲಿ ಎಂದರು ಭೌತಶಾಸ್ತ್ರದವರು.

"ಹಾಗಾದರೆ ಒಂದು ಛತ್ರಿಗಾದರೂ ಅಪ್ಪಣೆ ಕೊಡಿ ಸ್ವಾಮಿ. ಇರೋಳು ಒಬ್ಬಳೇ ಮಗಳು."

ಸಮಿತಿಗೂ ಕರುಳಿದೆ. ಛತ್ರಿಗೆ ಅನುಮತಿ ದೊರೆಯಿತು. ಷರತ್ತು ಒಂದೇ: ಸಾಕ್ಷ್ಯಕ್ಕೆ ಅಡ್ಡಿಯಾಗದಂತೆ ಛತ್ರಿಯಲ್ಲಿಯೂ ಅದೇ ಅಳತೆಯ ತೂತು ಇರತಕ್ಕದ್ದು, ಎರಡು ತೂತುಗಳೂ ಒಂದೇ ನೇರಕ್ಕೆ ಬರತಕ್ಕದ್ದು.

ಗಂಟೆಯಣ್ಣ ಮನೆಯ ಜಗಲಿಯಲ್ಲಿ ಕೂತು, ಹೊಸ ಛತ್ರಿ ಬಿಡಿಸಿ, ನಿಂಬೆಹಣ್ಣು ಇಟ್ಟು ಗುರುತು ಮಾಡಿ, ಹೆಂಡತಿಯ ಹೊಲಿಗೆ ಕತ್ತರಿಯಿಂದ ಕತ್ತರಿಸಿದ. ಮಗಳು ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಅಪ್ಪಾ, ಇದಕ್ಕಿಂತ ಛತ್ರಿ ಇಲ್ಲದೇ ಇದ್ದರೆ ಏನಾಗ್ತಿತ್ತು?"

"ಮದುವೆ ನಿಂತುಹೋಗ್ತಿತ್ತು ಕಣಮ್ಮ. ನಿಮ್ಮತ್ತೆ ಛತ್ರಿ ಬೇಕು ಅಂದರು. ತೂತಿನ ವಿಷಯ ಏನೂ ಹೇಳಲಿಲ್ಲ."

ಮದುವೆಯ ದಿನ ಮಳೆ ಧಾರಾಳವಾಗಿ ಬಂತು. ಸಮಿತಿ ಪೂರ್ತಿ ಹಾಜರಿತ್ತು. ಗಂಟೆಯ ಹಗ್ಗವನ್ನು ಬೇರೆಯವರ ಕೈಗೆ ಕೊಟ್ಟು ಗಂಟೆಯಣ್ಣ ಛತ್ರಿ ಹಿಡಿದು ನಿಂತ. ತೂತಿನಿಂದ ತೂತಿಗೆ ಇಳಿದ ನೀರು ನೇರವಾಗಿ ಮಗಳ ನೆತ್ತಿಗೆ ಬಿತ್ತು. ಅವಳು ಕಣ್ಣು ಒರೆಸಿಕೊಂಡು "ಒಪ್ಪಿದ್ದೇನೆ" ಎಂದಳು. ಒಪ್ಪಿದ್ದು ಏನನ್ನು ಎಂದು ಫಾದರ್ ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡರು. ಅದು ಆಶೀರ್ವಾದ ಎಂದು ಇತಿಹಾಸದವರೂ, ಗುರುತ್ವಾಕರ್ಷಣೆ ಎಂದು ಭೌತಶಾಸ್ತ್ರದವರೂ ಬರೆದುಕೊಂಡರು. ಗಂಡು ಒಣಗಿಯೇ ಇದ್ದ, ಆದರೂ ಸೀನಿದ. ಅವನ ತಾಯಿ ತಲೆಯೆತ್ತಿ ನೋಡಿ, "ಛತ್ರಿ ಇದೆಯಲ್ಲ, ಸಾಕು" ಎಂದರು.

ಈಗ ಎಲ್ಲವೂ ಸುಸೂತ್ರವಾಗಿದೆ. ವಿಚಾರವಾದಿಗಳ ಸಭಾಂಗಣದ ಚಾವಣಿ ಸೋರದೆ ಇರುವುದನ್ನು ಕಂಡು, ಹಾಗಾದರೆ ನಿಮ್ಮ ಕೊಡುಗೆ ಏನು ಎಂದು ಜನ ಕೇಳತೊಡಗಿದ್ದರಿಂದ, ಅವರೂ ಉಳಿಯಿಂದ ಒಂದು ತೂತು ಕೊರೆಸಿಕೊಂಡಿದ್ದಾರೆ, ಕೊಂಚ ದೊಡ್ಡದು. ಕೊರೆದವನು ನಮ್ಮ ಮೇಸ್ತ್ರಿಯೇ. ಅಕ್ಕಪಕ್ಕದ ಚರ್ಚುಗಳಿಂದಲೂ ಅವನಿಗೆ ಕರೆ ಬರುತ್ತಿದೆ. ಅವನು ಅಂದು ಕಂಕುಳಲ್ಲಿಟ್ಟುಕೊಂಡು ಬಂದಿದ್ದ ಹೆಂಚು ಸಮಿತಿಯ ಕಚೇರಿಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. "ಪ್ರಗತಿಗೆ ಅಡ್ಡಬಂದ ಹೆಂಚು" ಎಂದು ಕೆಳಗೆ ಬರೆದಿದೆ. ಆ ಕಚೇರಿಯ ಚಾವಣಿ ಸೋರುವುದಿಲ್ಲ.

ಮೊನ್ನೆ ಗಂಟೆಯಣ್ಣನ ಮಗಳು ತನ್ನ ಕೂಸನ್ನು ಜ್ಞಾನಸ್ನಾನಕ್ಕೆ ಕರೆತಂದಳು. ಯಾರೂ ಹೇಳದೆಯೇ ಹೋಗಿ ಆ ಜಾಗದಲ್ಲೇ ನಿಂತಳು. ಗಂಟೆಯಣ್ಣ ಬೋಗುಣಿ ತರಲೆಂದು ಎದ್ದವನು ಅರ್ಧಕ್ಕೇ ನಿಂತ.

"ಫಾದರ್, ನೀರು ಬೇರೆ ತರಬೇಕಾ?"

ಫಾದರ್ ತಲೆಯೆತ್ತಿ ತೂತಿನೊಳಗಿಂದ ಆಕಾಶ ನೋಡಿದರು. ಮೋಡ ಕವಿದಿತ್ತು.

"ಬೇಡ, ಸ್ವಲ್ಪ ಕಾಯೋಣ" ಎಂದರು.

ನಾವೆಲ್ಲ ಬೆಂಚಿನ ಮೇಲೆ ಕೂತು ಕಾದೆವು.